ಹನ್ನೊಂದು ಗಂಟೆಯ ಸತ್ಯ

ಕೊಟ್ಟೂರಿನ ಪಂಚಾಕ್ಷರಪ್ಪ ಹಿಂದಕ್ಕೆ ನಡೆಯುತ್ತಿದ್ದ. ಸದಾಕಾಲ ಅಲ್ಲ, ನೂರು ಹೆಜ್ಜೆ ಮುಂದೆ ಹೋದವನು ಥಟ್ಟನೆ ನಿಂತು, ಮುಖ ತಿರುಗಿಸದೆಯೇ ಏಳೆಂಟು ಹೆಜ್ಜೆ ಹಿಂದೆ ಸರಿದು, ಆ ಜಾಗದಲ್ಲೊಂದು ಕಲ್ಲಿಟ್ಟು ಮತ್ತೆ ಮುಂದೆ ಸಾಗುತ್ತಿದ್ದ. ಎರಡು ಕಿವಿಗೆ ಎರಡು ಮೊಬೈಲು, ಮೂರನೆಯದು ಕೊರಳಲ್ಲಿ. ಏಳು ಜೇಬಿನ ಖಾಕಿ ಜಾಕೀಟು ಕಡುಬೇಸಿಗೆಯಲ್ಲೂ ಮೈಮೇಲಿಂದ ಇಳಿಯದು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಚಹಾದಂಗಡಿಯವರೆಲ್ಲ ಇವನಿಗೆ ತಲೆ ಕೆಟ್ಟಿದೆ ಎಂದು ಒಮ್ಮತಕ್ಕೆ ಬಂದಿದ್ದರು. ತಲೆ ಕೆಟ್ಟಿರಲಿಲ್ಲ, ಅದು ಅವನ ನೌಕರಿ. ಎರಡು ಸಾವಿರದ ಒಂಬತ್ತರಲ್ಲಿ ಒಂದು ಫೋನ್ ಕಂಪನಿ ಈ ಸೀಮೆಗೆ ಮೂರನೇ ತಲೆಮಾರಿನ ಮೊಬೈಲ್ ಜಾಲ ತರಲು ಹೊರಟಿತ್ತು. ನಡೆಯುತ್ತ ಆಡಿದ ಮಾತು ಯಾವ ಹೆಜ್ಜೆಗೆ ಕಡಿಯುತ್ತದೆಂದು ಅಳೆದು ಬರೆಯುವುದು ಗುತ್ತಿಗೆ ನೌಕರನಾದ ಅವನ ಕೆಲಸ.

ಅಳೆಯಬೇಕಾದರೆ ಆ ಕಡೆಯಿಂದ ಯಾರಾದರೂ ಮಾತಾಡುತ್ತಿರಬೇಕಲ್ಲ. ಅದಕ್ಕೆ ಹೆಂಡತಿ ಶಿವಬಸಮ್ಮನನ್ನು ಹಚ್ಚಿದ್ದ. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಒಂದು, ಎರಡು, ಮೂರು ಎಂದು ಎಣಿಸುವಳು. ಈತ ಹಾದಿ ತುಳಿಯುತ್ತ ಕೇಳುವನು. ಯಾವ ಅಂಕಿ ಕೇಳಿಸಲಿಲ್ಲವೋ ಅಲ್ಲಿ ಕಲ್ಲು. ನೆರೆಯವರು ನಕ್ಕರೆ ಆಕೆಗೆ ಬೇಸರವಿಲ್ಲ. “ಲಗ್ನ ಆದಾಗಿಂದ ನನ್ನ ಮಾತು ಇಷ್ಟು ಕಿವಿಗೊಟ್ಟು ಕೇಳಿದ್ದು ಇದ ಮೊದಲ ನೋಡ್ರಿ” ಎನ್ನುತ್ತಿದ್ದಳು.

ಅಂಕಿಯ ವಿಷಯದಲ್ಲಿ ಅವನದು ಮಡಿವಂತಿಕೆ. ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ಒಮ್ಮೆ ಜೀಪು ಕೆಟ್ಟು ನಿಂತಾಗ, ಉಳಿದದ್ದನ್ನು ಅಂದಾಜಿನಲ್ಲಿ ತುಂಬಿಸಿಬಿಡಿ ಎಂದ ಡ್ರೈವರನ ಮೇಲೆ ಸಿಡುಕಿ, ಉರಿಬಿಸಿಲಲ್ಲಿ ಎರಡು ಹರದಾರಿ ನಡೆದೇ ಅಳೆದ. “ಖರೇ ಹೇಳ್ಬೇಕಂದ್ರ, ಅಂಕಿ ಬರಿಯೂದಂದ್ರ ಆಣಿ ಮಾಡಿದಂಗ” ಎಂಬುದು ಅವನ ಮಾತು. ಖರೇ ಹೇಳ್ಬೇಕಂದ್ರ ಎಂಬ ಪೀಠಿಕೆಯಿಲ್ಲದೆ ಅವನು ನೀರು ಕೂಡ ಕೇಳುತ್ತಿರಲಿಲ್ಲ. ಒಂದು ಟವರು ಕೈಬಿಡುವ ಮೊದಲೇ ಇನ್ನೊಂದು ಹಿಡಿದಿರಬೇಕು, ಅರೆಗಳಿಗೆ ಎರಡೂ ಕೂಡಿ ಹಿಡಿದಿರಬೇಕು, ಆಗಲೇ ಮಾತು ಉಳಿಯುತ್ತದೆ ಎಂಬ ಈ ಜಾಲದ ಧರ್ಮವನ್ನು ಅವನು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದ.

ಹಡಗಲಿಯಿಂದ ಹೊಳಲಿಗೆ ಹೋಗುವ ದಾರಿಯಲ್ಲಿ, ಎರಡು ಟವರುಗಳ ನಡುವೆ, ಒಂದು ದಿಬ್ಬದ ಮಗ್ಗುಲಿಗೆ ಮಲ್ಲಿಗೆ ಬೆಳೆಯುವ ಪುಟ್ಟ ಹಳ್ಳಿ. ಅಲ್ಲಿಗೆ ಅದುವರೆಗೆ ಯಾವ ಕಂಪನಿಯ ಸಿಗ್ನಲ್ಲೂ ಬಂದಿರಲಿಲ್ಲ. ಕಂಪನಿಯ ಜೀಪು ಅಲ್ಲಿಗೆ ತಲುಪುವುದು ದಿನವೂ ಹನ್ನೊಂದಕ್ಕೆ, ಹನ್ನೊಂದಕ್ಕೆ ಈ ಹೊಸ ಜಾಲದ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಉದ್ಘಾಟನೆಗೆ ಮುಂಚಿನ ಪ್ರಯೋಗದ ತಿಂಗಳಲ್ಲಿ ಒಂದು ದಿನ ಹೊಳಲಿನ ಬೀಗರ ಮನೆಯಲ್ಲಿ ಉಳಿದ ಪಂಚಾಕ್ಷರಪ್ಪ ಮೊದಲ ಬಸ್ಸಿಗೆ ಹೊರಟವನು, ಅಭ್ಯಾಸಬಲದಿಂದ ಶಿವಬಸಮ್ಮನಿಗೆ ಫೋನು ಹಚ್ಚಿದ. ಆಗ ನಸುಕಿನ ಐದೂವರೆ. ದಿಬ್ಬದ ಹತ್ತಿರ ಆಕೆ ಹದಿನೇಳು ಎಂದಳು, ಹದಿನೆಂಟು ಬರಲಿಲ್ಲ. ಮುಂದಿನ ಮೂರು ನಸುಕು ತಾನಾಗಿ ಹೋಗಿ ನಡೆದು ನೋಡಿದ. ಮೂರು ದಿನವೂ ಅದೇ ತಾವಿನಲ್ಲಿ ಮಾತು ಕಡಿಯಿತು.

ಕಾರಣ ಅವನಿಗೆ ಹೊಳೆಯಲು ತಡವಾಗಲಿಲ್ಲ. ಈ ಹೊಸ ಜಾಲದಲ್ಲಿ ಎಲ್ಲರೂ ಒಂದೇ ಗಾಳಿಯಲ್ಲಿ ಮಾತಾಡುತ್ತಾರೆ. ಮದುವೆಯ ಪಂಕ್ತಿಯಲ್ಲಿ ನಾಲ್ಕು ಜನ ಮಾತಾಡುವಾಗ ಕೊನೆಯ ಎಲೆಯವನ ಕೂಗೂ ಕೇಳುತ್ತದೆ, ನಾನೂರು ಜನ ಮಾತಾಡುವಾಗ ಪಕ್ಕದವನದಷ್ಟೇ. ಹಾಗೆಯೇ ಜನ ಹೆಚ್ಚಿದಂತೆ ಟವರಿನ ಎಟುಕು ಕುಗ್ಗುತ್ತದೆ, ಅಂಚಿನ ಹಳ್ಳಿ ಹೊರಗುಳಿಯುತ್ತದೆ. ಬೇರೆ ಊರುಗಳಲ್ಲಿ ಜನ ಸಂಜೆ ಮಾತಾಡಿದರೆ, ಹೂವಿನ ಹಡಗಲಿ ಮಾತಾಡುವುದು ನಸುಕಿನಲ್ಲಿ. ಮೊಗ್ಗು ಬಿಡಿಸುತ್ತಲೇ ಧಾರಣೆ ಕುದುರಬೇಕು, ವ್ಯಾನು ಹೊರಡಬೇಕು; ಪ್ರಯೋಗಕ್ಕೆಂದು ಪುಕ್ಕಟೆ ಸಿಮ್ ಪಡೆದ ವ್ಯಾಪಾರಿಗಳೆಲ್ಲ ಐದರಿಂದ ಆರರವರೆಗೆ ಟವರನ್ನು ಜಗ್ಗಾಡುತ್ತಿದ್ದರು. ಯೋಜನೆ ಹಾಕಿದವರು ಮಾತ್ರ ಸಂಜೆ ಏಳನ್ನೇ ದಟ್ಟಣೆಯ ಹೊತ್ತು ಎಂದು ಹಿಡಿದು ಟವರಿನ ತ್ರಾಣ ಗೊತ್ತುಮಾಡಿದ್ದರು.

ಪಂಚಾಕ್ಷರಪ್ಪ ನಸುಕಿನ ಅಂಕಿಗಳನ್ನು ಹಿಡಿದು ಮೇಲಧಿಕಾರಿ ಗವಿಸಿದ್ದೇಶನ ಬಳಿ ಹೋದ. ಗವಿಸಿದ್ದೇಶ ಕೆಟ್ಟವನಲ್ಲ, ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿದ.

“ಪಂಚಾಕ್ಷರಪ್ಪಾರ, ದಟ್ಟಣಿ ಹೊತ್ತು ಸಂಜಿ ಏಳು ಅಂತ ಮ್ಯಾಲಿಂದ ಬಂದೈತಿ. ಅದು ಊರಿಗೊಂದು ಆಗೂದಿಲ್ರಿ.”

“ಖರೇ ಹೇಳ್ಬೇಕಂದ್ರ ಸಾಹೇಬ್ರ, ಮಲ್ಲಿಗಿಗೆ ಅದು ಗೊತ್ತಿಲ್ಲ.”

ಗವಿಸಿದ್ದೇಶ ನಕ್ಕ. ಆಮೇಲೆ ನಗದೆ ಹೇಳಿದ. ನಸುಕಿನ ಅಂಕಿ ಸೇರಿಸಿದರೆ ದಿಬ್ಬದ ಮೇಲೆ ಇನ್ನೊಂದು ಸಣ್ಣ ಟವರು ಬೇಕಾಗುತ್ತದೆ, ಉದ್ಘಾಟನೆ ಮುಂದೆ ಹೋಗುತ್ತದೆ. ಯಾರು ಅಳೆದ ದಾರಿ ಪಾಸಾಗುತ್ತದೋ ಅವರ ಹೆಸರಷ್ಟೇ ಕಾಯಂ ನೌಕರಿಯ ಪಟ್ಟಿಯಲ್ಲಿರುತ್ತದೆ. “ಸುಳ್ಳು ಬರೀರಿ ಅಂತ ನಾ ಹೇಳೂದಿಲ್ಲ. ಹನ್ನೊಂದು ಗಂಟಿದು ಬರೀರಿ. ಅದೂ ಖರೇನ ಐತಲ್ಲ.”

ಐವತ್ತರ ಅಂಚಿನ ಮನುಷ್ಯ, ಹದಿನೆಂಟು ವರ್ಷ ಕೇಬಲ್ ಗುಂಡಿ ತೋಡಿ ದಿನಗೂಲಿಯಲ್ಲೇ ಸವೆದವನು, ಕಾಯಂ ಎಂಬ ಎರಡಕ್ಷರ ಕೇಳಿ ಎರಡು ದಿನ ಊಟ ಬಿಟ್ಟ. ಶಿವಬಸಮ್ಮ ಬರೆಯಿರಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೂರನೆಯ ದಿನ ಹನ್ನೊಂದು ಗಂಟೆಯ ಅಂಕಿ ಬರೆದು ಸಹಿ ಹಾಕಿದ. ಒಂದಂಕಿಯನ್ನೂ ತಿದ್ದಲಿಲ್ಲ; ಅದು ಅವನ ಸಮಾಧಾನ.

ಮಾರನೆಯ ವಾರ ಆ ಹಳ್ಳಿಯ ಹಂಪಕ್ಕ ಅವನನ್ನು ತಡೆದು ನಿಲ್ಲಿಸಿದಳು. ಗಂಡನಿಲ್ಲದ ಹೆಂಗಸು, ಅರ್ಧ ಎಕರೆ ಮಲ್ಲಿಗೆಯಲ್ಲಿ ಮನೆ ನಡೆಸುವವಳು. ಹೂವಿನ ಬುಟ್ಟಿಗಳಿಗೆ ಮೊದಲ ಬಸ್ಸಿನ ಟಾಪಿನಲ್ಲಿ ವರ್ಷಗಳಿಂದ ಜಾಗ ಕಾದಿರಿಸಿಕೊಂಡಿದ್ದಳು. ಈಗ ವ್ಯಾಪಾರಿ, ಫೋನು ಹಚ್ಚಿದರೆ ಸಾಕು ತೋಟಕ್ಕೇ ವ್ಯಾನು ಕಳಿಸುತ್ತೇನೆ ಎಂದಿದ್ದ.

“ಅಣ್ಣಾರ, ನೀವು ಇದನ್ನ ಅಳದೋರು. ಇದನ್ನ ನಂಬಿ ಬಸ್ಸು ಬಿಡಬೌದೇನ್ರಿ?”

ಪಂಚಾಕ್ಷರಪ್ಪ ಅವಳ ಮುಖ ನೋಡಲಿಲ್ಲ, ಮೊಬೈಲು ನೋಡಿದ. “ಫುಲ್ ಐತಿ ನೋಡವ್ವ” ಎಂದ. ಖರೇ ಹೇಳ್ಬೇಕಂದ್ರ ಎಂಬ ಪೀಠಿಕೆ ಅವತ್ತೊಂದು ದಿನ ಅವನ ಬಾಯಿಂದ ಬರಲಿಲ್ಲ.

ಹಂಪಕ್ಕ ಬಸ್ಸು ಬಿಟ್ಟಳು, ಟಾಪಿನ ಜಾಗ ಬೇರೆಯವರ ಪಾಲಾಯಿತು. ಉದ್ಘಾಟನೆಯಾದ ಮೊದಲ ಸೋಮವಾರ, ಲಗ್ನಗಳ ಕಾಲ, ನಾಲ್ಕು ಬುಟ್ಟಿ ಮೊಗ್ಗು ಬಿಡಿಸಿಟ್ಟು ನಸುಕಿನಲ್ಲಿ ಫೋನು ಹಚ್ಚಿದಳು. ವ್ಯಾಪಾರಿ ಎತ್ತಿದ, ಹಲೋ ಎಂದ, ಕಡಿಯಿತು. ಮತ್ತೆ ಹಚ್ಚಿದರೆ ಸುಮ್ಮನಿತ್ತು. ಬುಟ್ಟಿ ಬಿಟ್ಟು ದಿಬ್ಬ ಹತ್ತಿ ಓಡಿದಳು. ಅಲ್ಲಿ ಸಿಗ್ನಲ್ ಸಿಕ್ಕಾಗ ವ್ಯಾನು ಹಡಗಲಿ ದಾಟಿ ಹೋಗಿತ್ತು. ಹೊತ್ತೇರಿತು.

ಆವತ್ತು ಹನ್ನೊಂದಕ್ಕೆ, ಉದ್ಘಾಟನೆಯ ನಂತರದ ತಪಾಸಣೆಗೆಂದು, ಪಂಚಾಕ್ಷರಪ್ಪ ಅಲ್ಲಿಗೆ ಬಂದಿಳಿದ. ನಾಲ್ಕು ಬುಟ್ಟಿಯ ಮೊಗ್ಗೂ ಬಿಸಿಲ ಕಾವಿಗೆ ಅರಳಿ, ಯಾವ ಪೇಟೆಗೂ ಬೇಡದ್ದಾಗಿ, ಓಣಿಯ ತುಂಬ ಪರಿಮಳ ತುಂಬಿಕೊಂಡಿತ್ತು. ಹಂಪಕ್ಕ ಬೈಯಲಿಲ್ಲ, ಶಾಪ ಹಾಕಲಿಲ್ಲ. ತನ್ನ ಹೊಸ ಮೊಬೈಲನ್ನು ಅವನ ಮುಂದೆ ಹಿಡಿದಳು.

“ಈಗ ಫುಲ್ ಐತ್ರಿ ಅಣ್ಣಾರ. ಯಾರಿಗೆ ಹಚ್ಚಲಿ ಹೇಳ್ರಿ.”

ಪಂಚಾಕ್ಷರಪ್ಪ ಜೇಬಿನಿಂದ ಪೆನ್ನು ತೆಗೆದ. ತಪಾಸಣೆಯ ಹಾಳೆಯಲ್ಲಿ ಸಿಗ್ನಲ್ ಉತ್ತಮ ಎಂದು ಬರೆದ, ಉತ್ತಮವೇ ಇತ್ತು. ಆ ತಿಂಗಳ ಕೊನೆಗೆ ಕಾಯಂ ಆದ. ಕೊಟ್ಟೂರಿನಲ್ಲಿ ಓಣಿಗೆಲ್ಲ ಪೇಡೆ ಹಂಚಿದ, ಶಿವಬಸಮ್ಮ ಮಾತ್ರ ತಿನ್ನಲಿಲ್ಲ.

ಲೋಕ ಸುಳ್ಳುಗಾರರನ್ನು ಬೈದುಕೊಂಡು ಬಂದಿದೆ, ಬೈಯಲಿ. ಸುಳ್ಳು ಬರೆದವನು ಇಂದಲ್ಲ ನಾಳೆ ಸಿಕ್ಕಿಬೀಳುತ್ತಾನೆ, ಅವನಿಗೆ ಅಂಜಿಕೆಯಾದರೂ ಇರುತ್ತದೆ. ಆದರೆ ಪಂಚಾಕ್ಷರಪ್ಪನ ಕುಲದವರು ಕಚೇರಿ ಕಚೇರಿಯಲ್ಲಿದ್ದಾರೆ; ಪ್ರಾಮಾಣಿಕರು, ಶ್ರಮಜೀವಿಗಳು, ಬಿಸಿಲಲ್ಲಿ ನಡೆದು ಅಳೆಯುವವರು. ಯಾವ ಹೊತ್ತಿನ ಸತ್ಯ ಯಾರ ಮನೆ ಕೆಡಿಸುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಬೇರೆ ಹೊತ್ತಿನ ಸತ್ಯಕ್ಕೆ ಸಹಿ ಹಾಕುತ್ತಾರೆ. ಅವರ ಕಾಗದದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಕೆಟ್ಟವರು ಮಾಡಿದ ಕೇಡಿಗಾದರೂ ಒಂದು ಹೆಸರಿದೆ. ಈ ಒಳ್ಳೆಯವರು ಮಾಡಿದ್ದನ್ನು ಹಂಪಕ್ಕ ಯಾವ ಕಚೇರಿಗೆ ಹೋಗಿ ಏನೆಂದು ದೂರಬೇಕು?