ಫ್ರಿಜ್ಜಿನಲ್ಲಿದ್ದ ಶೀಶೆ

ಮತ್ತೆ ನೀರು ಕುಡಿಯುತ್ತಿದ್ದಾನೆ — ಆಟಗಾರರು ಕೂರುವ ಕಟ್ಟೆಯ ಮೂಲೆಯಲ್ಲಿ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಕಾಗದದ ಲೋಟ ಸಾಲದೆ ಬಾಟಲಿಯನ್ನೇ ಬಾಯಿಗಿಟ್ಟು ಗಟಗಟ, ಗಂಟಲು ಏರಿಳಿಯುವುದು ಇಷ್ಟು ದೂರಕ್ಕೂ ಕಾಣುತ್ತದೆ, ಕುಡಿಯಲಿ ಬಿಡು, ಆಗಸ್ಟಿನ ಬಿಸಿಲು, ನದಿಯ ಕಡೆಯಿಂದ ಒಂದೆಳೆ ಗಾಳಿಯಿಲ್ಲ, ಯಾರು ತಾನೇ ಕುಡಿಯುತ್ತಿಲ್ಲ, ಎಂದು ಆರ್ಲೀನ್ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡರೂ ಕಣ್ಣು ಅವನ ಮೇಲಿಂದ ಸರಿಯಲಿಲ್ಲ, ನಿನ್ನೆ ಬೆಳಗಿನಿಂದಲೂ ಸರಿದಿಲ್ಲ. ಯೆಫ್ರಿ ಡೊಮಿನಿಕನ್ ದೇಶದ ಹುಡುಗ, ಇಪ್ಪತ್ತರ ಪ್ರಾಯ, ಏಪ್ರಿಲ್‌ನಿಂದ ಅವಳ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ, ಈ ಊರಲ್ಲಿ ಹಾಗೇ, ಬೇಸ್‌ಬಾಲ್ ಶುರುವಾಯಿತೆಂದರೆ ಕಿರಿಯರ ತಂಡದ ಹುಡುಗರಿಗೆ ಊರಿನವರು ಕೋಣೆ ಕೊಟ್ಟು ಊಟ ಹಾಕುತ್ತಾರೆ, ಗಂಡ ಲೈಲ್ ತೀರಿಕೊಂಡ ಮೇಲೆ ಮನೆ ಬಿಕೋ ಅನ್ನುತ್ತಿತ್ತು, ಅದಕ್ಕೇ ಅವಳೂ ಹ್ಞೂಂ ಅಂದದ್ದು. ದೋನ್ಯಾ ಆರ್ಲೀನ್ ಅನ್ನುತ್ತಾನೆ, ಅವನ ಕಡೆ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದಂತೆ, ಕಸ ತಾನೇ ಹೊರಗಿಡುತ್ತಾನೆ, ಅವಳ ಆಪಲ್ ಪೈ ಮಾತ್ರ ಮುಟ್ಟುವುದಿಲ್ಲ, ಬೇಡ ದೋನ್ಯಾ, ಸಿಹಿ ತಿಂದ್ರೆ ಓಡಕ್ಕಾಗಲ್ಲ, ಎಂಥ ಶಿಸ್ತಿನ ಹುಡುಗ ನೋಡಿ ಅಂತ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳಲ್ಲ, ಶಿಸ್ತಂತೆ ಶಿಸ್ತು! ಇವತ್ತು ದೊಡ್ಡ ತಂಡದವರು ಅವನನ್ನೇ ನೋಡಲು ಬಂದು ಕೂತಿದ್ದಾರೆ, ಬಲೆಯ ಹಿಂದೆ ಬಿಳಿ ಟೋಪಿಯ ಇಬ್ಬರು, ಮೆಚ್ಚಿದರೆ ಅವನ ದಾರಿಯೇ ಬೇರೆ.

ಪಕ್ಕದಲ್ಲಿ ಗಸ್ ಮತ್ತು ವೆಂಡೆಲ್, ಪ್ರತಿ ಆಟಕ್ಕೂ ಇದೇ ಬೆಂಚು, ಇದೇ ಜಗಳ, ರಾಯ್ಸ್ ಟಾಲ್ಮನ್‌ನನ್ನು ಮಹಾನ್ ಆಟಗಾರರ ಗೌರವ ಭವನಕ್ಕೆ ಸೇರಿಸಬೇಕೋ ಬೇಡವೋ, ಸೂಜಿ ಚುಚ್ಕೊಂಡು ಹೊಡೆದದ್ದೂ ಒಂದು ಹೋಮ್ ರನ್ನೇನೋ, ಅಂದ ವೆಂಡೆಲ್, ನಿನ್ಗೆ ಬಕೆಟ್‌ಗಟ್ಲೆ ಔಷಧಿ ಚುಚ್ಚಿದ್ರೂ ನೀನು ಒಂದು ಚೆಂಡು ಮುಟ್ತೀಯೇನೋ ಮಾರಾಯ, ಕಣ್ಣು ಬೇಕು ಕಣ್ಣು, ಅಂದ ಗಸ್, ಗಲ್ಲದ ಮೇಲೆ ಸಾಸಿವೆ ಸಾಸ್ ಮೆತ್ತಿಕೊಂಡು, ಆರ್ಲೀನ್, ನೀನೇ ಹೇಳಮ್ಮ, ನಿಮ್ಮ ಲೈಲ್ ಹಿಡಿದ ಚೆಂಡು ಸುಳ್ಳಾ? ಆ ಚೆಂಡು. ಟಾಲ್ಮನ್ ಹೊಡೆದ ಹೋಮ್ ರನ್ ಚೆಂಡು, ಮೈದಾನ ದಾಟಿ ಬಂದು ಲೈಲ್‌ನ ಎರಡು ಅಂಗೈಗಳ ನಡುವೆ ಬಿದ್ದಿತ್ತು, ಕೈ ಊದಿಕೊಂಡರೂ ದಾರಿಯುದ್ದಕ್ಕೂ ನಗುತ್ತ ಬಂದ, ಅದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿದ, ಬಂದವರಿಗೆಲ್ಲ ಕಾಫಿಗಿಂತ ಮೊದಲು ಚೆಂಡು — ಆಮೇಲೊಂದು ದಿನ ಟಿವಿಯಲ್ಲಿ ಟಾಲ್ಮನ್ ಕಣ್ಣೊರೆಸಿಕೊಳ್ಳುತ್ತ ಹೌದು, ತಗೊಂಡಿದ್ದೆ ಅಂದ, ಲೈಲ್ ಎದ್ದುಹೋಗಿ ಚೆಂಡನ್ನು ಗ್ಯಾರೇಜಿನ ಖಾಲಿ ಬಣ್ಣದ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಡಿದ, ಟಿವಿಯ ಮುಂದೆ ಅವನ ಆ ಮುಖ, ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡ ಮಗುವಿನಂಥ ಮುಖ, ಇನ್ನೊಂದು ಸಲ ಆ ಮುಖ ನೋಡಲಾರೆ ಅಂದುಕೊಂಡಿದ್ದಳು. ಟಾಲ್ಮನ್ ಮನೆ ಕೆಲ್ಸದವಳು ಹೇಳಿದ್ದು ಪೇಪರಲ್ಲಿ ಬಂದಿತ್ತಲ್ಲ, ಅಂತ ಹೋದ ವಾರ ಇದೇ ಗಸ್ ಶುರು ಮಾಡಿದ್ದ, ಮೈ ಬೆಳೆಸೋ ಔಷಧಿ ಫ್ರಿಜ್ಜಲ್ಲೇ ಇಡ್ಬೇಕಂತೆ, ನೋಡಕ್ಕೆ ಬರೀ ನೀರು, ಹೆಸರಿನ ಚೀಟಿ ಕಿತ್ತು ಬಿಸಾಕಿರ್ತಾರಂತೆ ಕಳ್ಳ ನನ್ಮಕ್ಳು.

ಚೀಟಿ ಕಿತ್ತಿತ್ತು. ನಿನ್ನೆ ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ತೆಗೆಯಲು ಹೋದರೆ ಅದರ ಹಿಂದೆ ಒಂದು ಕಾಲುಚೀಲ, ಅವನದೇ, ಫ್ರಿಜ್ಜಿನಲ್ಲಿ ಕಾಲುಚೀಲ ಯಾಕೆ, ಒಳಗೆ ಹೆಬ್ಬೆರಳುದ್ದದ ಶೀಶೆ, ರಬ್ಬರಿನ ಮುಚ್ಚಳ, ಒಳಗೆ ಬರೀ ನೀರಿನಂಥದ್ದು — ಅಯ್ಯೋ ಯೆಫ್ರಿ, ನೀನೂನಾ, ನನ್ನ ಮನೆಯಲ್ಲಾ, ನನ್ನ ಬೆಣ್ಣೆ ಮೊಟ್ಟೆಗಳ ಪಕ್ಕಾನಾ. ಸ್ನಾನದ ಮನೆಯಲ್ಲಿ ಶವರಿನ ಸದ್ದು, ಅವನ ಹಾಡು, ಕೇಳಿಬಿಡಬಹುದಿತ್ತು, ಬಾಗಿಲು ತಟ್ಟಿ ಇದೇನೋ ಅಂದಿದ್ದರೆ ಮುಗಿಯುತ್ತಿತ್ತು, ಆದರೆ ಸಿಟ್ಟು, ಎಂಥ ಸಿಟ್ಟು ಬಂತವಳಿಗೆ, ಲೈಲ್‌ನ ಸಿರಿಂಜುಗಳು ಇನ್ನೂ ಮೇಲಿನ ಕಪಾಟಿನಲ್ಲಿದ್ದವು, ವರ್ಷಗಟ್ಟಲೆ ಅವನ ಹೊಟ್ಟೆಗೆ ಚುಚ್ಚಿದ ಕೈ ಇದು, ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಒಳಗಿದ್ದದ್ದನ್ನೆಲ್ಲ ಎಳೆದು ಸಿಂಕಿಗೆ ಪಿಚಕ್ಕೆಂದು ಬಿಟ್ಟಳು, ಸಿಂಕಿನಿಂದ ಒಂದು ವಾಸನೆ ಎದ್ದು ಬಂತು, ಲೈಲ್ ಹಿಂದೆಯೇ ಬಂದು ನಿಂತ ಹಾಗಾಯಿತು, ಅವನೂ ಒಪ್ಪುತ್ತಿದ್ದಾನೆ ಅಂದುಕೊಂಡಳು ಪಾಪ, ನಲ್ಲಿ ತಿರುಗಿಸಿದಳು, ಲೋಟಕ್ಕೆ ನೀರು, ಲೋಟದಿಂದ ಸಿರಿಂಜಿಗೆ, ರಬ್ಬರಿನೊಳಗೆ ಸೂಜಿ ಇಳಿಯಿತು, ಶೀಶೆಯೊಳಗೆ ಒಂದೇ ಒಂದು ಗುಳ್ಳೆ ಮೆಲ್ಲಗೆ ಮೇಲೇರುತ್ತಿತ್ತು, ಅಷ್ಟರಲ್ಲಿ ಶವರಿನ ಸದ್ದು ನಿಂತಿತು, ಶೀಶೆ ಮತ್ತೆ ಕಾಲುಚೀಲದೊಳಗೆ, ಜಾಡಿಯ ಹಿಂದೆ. ಕಾಯಿಸದ ನೀರು. ರಾತ್ರಿಯೆಲ್ಲ ಅದೇ ಯೋಚನೆ, ನಲ್ಲಿಯ ನೀರನ್ನು ಹಾಗೇ ಚುಚ್ಚಿಕೊಂಡರೆ ಜ್ವರ ಬರುತ್ತದೆಯೇ, ಕೀವಾಗುತ್ತದೆಯೇ, ಗೋಡೆಯಾಚೆ ಅವನು ಎದ್ದು ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು ಕೇಳುತ್ತಲೇ ಇತ್ತು, ನಾಳೆಯ ಆಟದ ದಿಗಿಲು ಇರಬೇಕು ಅಂದುಕೊಂಡಳು, ಬೆಳಿಗ್ಗೆ ದೋಸೆಯಂಥ ಆ ಪ್ಯಾನ್‌ಕೇಕು ಹಾಗೇ ಬಿಟ್ಟ, ನಲ್ಲಿಗೇ ಬಾಯಿಟ್ಟು ಕುಡಿದ, ಹೇಳಿಬಿಡಲೇ ಅಂತ ಬಾಯಿ ತೆರೆದವಳು, ಒಳ್ಳೇದಾಗ್ಲಿ ಕಣೋ, ಅಂದು ಕಳಿಸಿದಳು.

ಕಟ್ಟೆಯಿಂದ ಬ್ಯಾಟು ಹಿಡಿದು ಬರುತ್ತಿದ್ದಾನೆ, ಅಂಗಿ ಯಾಕೆ ಇಷ್ಟು ಸಡಿಲ, ಏಪ್ರಿಲ್‌ನಲ್ಲಿ ಭುಜ ತುಂಬಿ ನಿಲ್ಲುತ್ತಿತ್ತಲ್ಲ, ಔಷಧಿ ತಗೊಂಡವನು ಉಬ್ಬಬೇಕು, ಇವನು ಇಳಿಯುತ್ತಿದ್ದಾನೆ — ಮೊದಲ ಚೆಂಡು ಬಿಟ್ಟ, ಎರಡನೆಯದಕ್ಕೆ ಬ್ಯಾಟು ಬೀಸಿದ, ಸದ್ದಿನಲ್ಲೇ ಗೊತ್ತಾಯಿತು, ಪ್ರೇಕ್ಷಕರ ಇಡೀ ಅಟ್ಟಣೆ ಎದ್ದು ನಿಂತಿತು, ಚೆಂಡು ಜೋಳದ ಗೋದಾಮಿನ ಜಾಹೀರಾತು ದಾಟಿ ಆಚೆ ಹೋಯಿತು, ಗಸ್ ವೆಂಡೆಲ್‌ನ ಟೋಪಿ ಕಿತ್ತು ಗಾಳಿಗೆಸೆದ, ನೋಡೋ, ನೋಡೋ ಮುದುಕಾ, ಇದಕ್ಕೆ ಯಾವ ಸೂಜಿ ಚುಚ್ಚಿದ್ರಂತೆ, ಏನು ಹಾಕ್ತೀಯಮ್ಮ ಆರ್ಲೀನ್ ಈ ಹುಡುಗನಿಗೆ? ನೀರು! ಅವಳಿಗೆ ಕೂಗಿಬಿಡಬೇಕೆನಿಸಿತು, ನನ್ನ ಮನೆಯ ನಲ್ಲಿ ನೀರಿನಲ್ಲಿ ಹೊಡೆದದ್ದು ಕಣ್ರೋ, ಇದು ಅಪ್ಪಟ, ಇದನ್ನು ಬಣ್ಣದ ಡಬ್ಬಿಗೆ ಹಾಕಬೇಕಿಲ್ಲ, ಕೇಳಿಸಿತಾ ಲೈಲ್, ಕಣ್ಣು ತುಂಬಿ ಬಂತು, ಒಂದು ಗಳಿಗೆ, ಒಂದೇ ಗಳಿಗೆ ಎಂಥ ಸುಖ. ಆಮೇಲೆ ನೋಡಿದರೆ, ಬೇಸುಗಳನ್ನೆಲ್ಲ ಸುತ್ತಿ ಓಡಿಬರಬೇಕಾದವನು ಓಡುತ್ತಿಲ್ಲ, ನಡೆಯುತ್ತಿದ್ದಾನೆ, ಮೂರನೆಯ ಬೇಸಿನ ಹತ್ತಿರ ಮೊಣಕಾಲಿಗೆ ಕೈಯೂರಿ ನಿಂತುಬಿಟ್ಟ, ಜನ ನಕ್ಕರು, ಹೀರೋ ಜಂಬ ನೋಡು, ಅಂದರು ಯಾರೋ, ವೆಂಡೆಲ್ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತು ಹೊಸ ಬೂಟು ಕಳಚಿದ, ಹಿಮ್ಮಡಿಯಲ್ಲಿ ಬೊಬ್ಬೆ ಕಣಮ್ಮ, ಅನ್ನುತ್ತ ಜೇಬಿನಿಂದ ಗಾಯಕ್ಕೆ ಅಂಟಿಸುವ ಪಟ್ಟಿ ತೆಗೆದು ಅದರ ಕಾಗದ ಸುಲಿದ. ಆ ವಾಸನೆ. ಹೊಸ ಪಟ್ಟಿಯ ವಾಸನೆ, ಸಿಂಕಿನ ವಾಸನೆ, ಲೈಲ್‌ನ ಹೊಟ್ಟೆಯ ವಾಸನೆ, ಪ್ರತಿದಿನ ಊಟಕ್ಕೆ ಮೊದಲು ಅವಳ ಬೆರಳಿಗೆ ಹತ್ತುತ್ತಿದ್ದ ವಾಸನೆ — ಅದು ಲೈಲ್ ಬಂದು ನಿಂತದ್ದಲ್ಲ, ದೇವರೇ, ಅದು ಇನ್ಸುಲಿನ್ — ಸಿಹಿ ಮುಟ್ಟದ ಹುಡುಗ, ಇಳಿದುಹೋದ ಮೈ, ಬಚ್ಚಲು, ನೀರು, ನೀರು, ವರ್ಷಗಟ್ಟಲೆ ಚುಚ್ಚಿದ ಈ ಕೈಗೆ ಗೊತ್ತಾಗಲಿಲ್ಲವೇ, ಮೂಗಿಗೆ ಗೊತ್ತಿತ್ತು, ಹೇಳಿತ್ತು, ಅವಳೇ ಕೇಳಿಸಿಕೊಳ್ಳಲಿಲ್ಲ, ತಲೆಯಲ್ಲಿ ಟಾಲ್ಮನ್ ಕೂತಿದ್ದ.

ಎದ್ದಳು, ಎಲ್ಲಿಗಮ್ಮ, ಅಂದ ಗಸ್, ಮಂಡಿ ಹಿಡಿದುಕೊಂಡಿತ್ತು, ಕಡಲೆಕಾಯಿ ಸಿಪ್ಪೆಯ ಮೇಲೆ ಕಾಲು ಜಾರಿತು, ಯಾರದೋ ಹೆಗಲು ಹಿಡಿದಳು, ನಿನ್ನೆ ಬೆಳಗಿನಿಂದ, ನಿನ್ನೆ ಇಡೀ ದಿನ, ರಾತ್ರಿ, ಇವತ್ತು, ಅಷ್ಟು ಹೊತ್ತು ಇನ್ಸುಲಿನ್ ಇಲ್ಲದೆ ಲೈಲ್‌ನನ್ನು ಬಿಟ್ಟಿದ್ದಳೇ ಎಂದಾದರೂ, ಬೇಲಿಯ ಹತ್ತಿರ ಬಂದು ಯೆಫ್ರಿ ಅಂದಳು, ಅವನು ಬಂದ, ನಗುತ್ತಲೇ ಬಂದ, ತುಟಿ ಬಿರಿದಿದೆ, ಉಸಿರು ಏದುಸಿರು, ಬಾಯಿಂದ ಕೊಳೆತ ಹಣ್ಣಿನ ವಾಸನೆ, ನೋಡಿದ್ರಾ ದೋನ್ಯಾ, ಎಷ್ಟು ದೂರ ಹೋಯ್ತು! ನಿನಗೆ ಸಕ್ಕರೆ ಕಾಯಿಲೆ ಇದೆಯೇನೋ? ನಗು ಹೋಯಿತು, ಕಣ್ಣು ಮೊದಲು ಹೋದದ್ದು ಬಿಳಿ ಟೋಪಿಗಳ ಕಡೆಗೆ, ಮೆಲ್ಲಗೆ ದೋನ್ಯಾ, ದಮ್ಮಯ್ಯ, ಇಲ್ಲಿ ಯಾರಿಗೂ ಗೊತ್ತಿಲ್ಲ, ನಮ್ಮೂರಲ್ಲಿ ಇದು ಇದೆ ಅಂತ ಗೊತ್ತಾದ ಹುಡುಗನ್ನ ತಂಡದವ್ರು ಅವತ್ತೇ ಮನೆಗೆ ಕಳಿಸ್ಬಿಟ್ರು, ಇವತ್ತೊಂದಿನ, ಔಷಧಿ ತಗೊಂಡಿದೀನಿ, ಯಾಕೋ ಹಿಡೀತಿಲ್ಲ, ಬೆಳಿಗ್ಗೆ ಎರಡರಷ್ಟು ಚುಚ್ಕೊಂಡೆ, ಆದ್ರೂ ಹಿಡೀತಿಲ್ಲ — ಬೇಲಿಯ ತಂತಿಗೆ ಹಣೆಯಾನಿಸಿದ — ಸ್ವಲ್ಪ ನೀರು ಕೊಡ್ತೀರಾ ದೋನ್ಯಾ? ಡಾಕ್ಟರ್, ಅಂತ ಯಾರೋ ಕಿರುಚಿದರು, ಡಾಕ್ಟರನ್ನ ಕರೀರಿ, ಹುಡುಗನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು, ಅದು ತನ್ನದೇ ದನಿ, ಬಿಳಿ ಟೋಪಿಗಳು ಎರಡೂ ಇತ್ತ ತಿರುಗಿದವು, ಯೆಫ್ರಿ ತಲೆಯೆತ್ತಿ ಅವಳನ್ನು ನೋಡಿದ, ಲೈಲ್‌ನ ಮುಖ, ಟಿವಿಯ ಮುಂದಿನ ಅದೇ ಮುಖ, ಅವನಿಗಿನ್ನೂ ಅರ್ಧವೇ ಗೊತ್ತು, ಗುಟ್ಟು ಬಿಟ್ಟುಕೊಟ್ಟಳೆಂದು ಮಾತ್ರ ಗೊತ್ತು, ಇನ್ನರ್ಧ ಅವಳ ನಾಲಿಗೆಯ ಮೇಲಿದೆ, ಹೇಳಬೇಕು, ಈಗಲೇ, ಅದು ನೀರು ಕಣೋ, ನಾನೇ — ರಬ್ಬರಿನೊಳಗೆ ಸೂಜಿ ಇಳಿಯುತ್ತಿದೆ, ಶವರಿನ ಸದ್ದು ನಿಂತಿದೆ, ಶೀಶೆಯೊಳಗೆ ಒಂದು ಗುಳ್ಳೆ ಮೇಲೇರುತ್ತಿದೆ, ಮೆಲ್ಲಗೆ, ಒಂದೇ ಒಂದು ಗುಳ್ಳೆ