ಬಿಸಿನೀರಿನ ಶಾಖ

ಅಕ್ಕನ ಹೆಗಲಲ್ಲಿ ಹಿಡಿಯಲು ಮಾಂಸವೇ ಇರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಗಂಟಾದ ಸ್ನಾಯುವನ್ನು ಫಿಸಿಯೋಥೆರಪಿಸ್ಟ್ ತಂಗಿ ಎರಡು ಬೆರಳಲ್ಲಿ ಎತ್ತಲು ನೋಡಿದಳು, ಜಾರಿತು. ಗಂಟು ಬಿಡಿಸುವ ಸೂಜಿಯನ್ನು ಸ್ನಾಯು ಎತ್ತಿ ಹಿಡಿದೇ ಚುಚ್ಚಬೇಕು, ಕೆಳಗೆ ಶ್ವಾಸಕೋಶದ ತುದಿ ಇದೆ. ಅದು ಮೊದಲ ಪಾಠ.

"ನಾನು ಬಟ್ಟೆಗೆ ಚುಚ್ತೀನಿ, ನೀನು ಮೈಗೆ. ಬೇಗ ಮುಗಿಸೇ, ಗಿರಾಕಿ ಕಾಯ್ತಿದ್ದಾಳೆ."

"ಬಟ್ಟೆ ನಿನ್ನ ಹಾಗೆ ಬಾಯಿ ಮಾಡಲ್ಲ."

ಅಕ್ಕ ನಕ್ಕಳು. ದಪ್ಪ ಹೆಗಲಿಗೆ ಬಳಸುವ ಉದ್ದನೆಯ ಸೂಜಿಯೇ ಕೈಯಲ್ಲಿತ್ತು. ತಂಗಿ ಸ್ನಾಯು ಎತ್ತದೆ ಅದನ್ನೇ ನೇರವಾಗಿ ಇಳಿಸಿದಳು. ಅಕ್ಕ ಒಮ್ಮೆ ಕೆಮ್ಮಿದಳು, ಅಷ್ಟೆ.

ಫಿಸಿಯೋಥೆರಪಿಸ್ಟರು ಹೀಗೆ ಸೂಜಿ ಹಾಕಬಹುದೇ ಎಂದು ವೈದ್ಯ ಮಂಡಳಿ ಮರುದಿನ ವಿಚಾರಣೆ ನಡೆಸಲಿತ್ತು. ತಮ್ಮವರ ಪರವಾಗಿ ಮಾತಾಡಬೇಕಾದವಳು ತಂಗಿಯೇ. ನಮ್ಮ ಕೈಯಲ್ಲಿ ಒಂದು ಅವಘಡವೂ ಆಗಿಲ್ಲ ಎಂಬುದೇ ಅವಳ ವಾದದ ಬೆನ್ನೆಲುಬು. ಅಕ್ಕನಿಗೂ ಅದು ಗೊತ್ತಿತ್ತು.

ಮಧ್ಯಾಹ್ನ ಅಕ್ಕನ ಫೋನ್ ಬಂತು. "ಉಸಿರೆಳೆದ್ರೆ ಎದೆ ಹಿಡಿಯತ್ತೆ ಕಣೇ."

ತಂಗಿ ಲೆಕ್ಕ ಹಾಕಿದಳು. ಆಸ್ಪತ್ರೆ ಎಂದರೆ ಎಕ್ಸ್‌ರೇ. ಎಕ್ಸ್‌ರೇ ನೋಡಿದವರಿಗೆ ಸೂಜಿ ಶ್ವಾಸಕೋಶಕ್ಕೆ ತಗುಲಿದ್ದು ಗೊತ್ತಾದರೆ ನಾಳೆ ಮಂಡಳಿಯ ಮುಂದಿನ ಮಾತು ಅಲ್ಲಿಗೇ ಮುಗಿಯಿತು.

"ಸೂಜಿ ಹಾಕಿದ ಮೇಲೆ ನೋವು ಇರತ್ತಕ್ಕಾ. ಬಿಸಿನೀರಿನ ಶಾಖ ಕೊಟ್ಕೊಂಡು ಮಲ್ಕೋ."

ಸಂಜೆ ಭಾವ ಅಕ್ಕನನ್ನು ಎತ್ತಿಕೊಂಡೇ ಆಸ್ಪತ್ರೆಗೆ ತಂದ. ತಂಗಿ ಓಡಿ ಬಂದಾಗ ಅಕ್ಕನ ತುಟಿ ನೀಲಿಗಟ್ಟಿತ್ತು.

"ಹಳೇ ಉಬ್ಬಸ, ಡಾಕ್ಟ್ರೇ," ಎಂದಳು ಅಕ್ಕ, ಒಂದೊಂದು ಪದಕ್ಕೂ ನಿಂತು. ಸುಮ್ಮನಿರು ಎಂಬಂತೆ ತಂಗಿಯ ಕೈ ಹಿಸುಕಿದಳು.

ನರ್ಸ್ ಔಷಧದ ಹಬೆ ಕೊಡುವ ಮುಖವಾಡ ಹಾಕಿದರು. ಅಕ್ಕನ ಕತ್ತಿನ ನರಗಳು ಉಬ್ಬುತ್ತಿದ್ದವು. ತಂಗಿಗೆ ಅದರ ಅರ್ಥ ಗೊತ್ತಿತ್ತು: ಶ್ವಾಸಕೋಶದಿಂದ ಸೋರಿದ ಗಾಳಿ ಹೃದಯವನ್ನು ಒತ್ತುತ್ತಿದೆ. ಆದರೂ ನಾಲಿಗೆ ಏಳಲಿಲ್ಲ. ಹಿಸುಕಿದ ಅಕ್ಕನ ಕೈ ಸಡಿಲವಾದಾಗಲೇ ನಾಲಿಗೆ ಎದ್ದಿತು.

"ಉಬ್ಬಸ ಅಲ್ಲ. ಬೆಳಿಗ್ಗೆ ಹೆಗಲಿಗೆ ಸೂಜಿ ಹಾಕಿದೀನಿ. ಬಲಗಡೆ. ನಾನೇ."

ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಬಲ ಎದೆಯಲ್ಲಿ ಸದ್ದೇ ಇರಲಿಲ್ಲ. ಪಕ್ಕೆಲುಬಿನ ನಡುವೆ ಕೊಳವೆ ಇಳಿಸಿದರು. ಸಿಕ್ಕಿಕೊಂಡಿದ್ದ ಗಾಳಿ ಬುಸ್ಸೆಂದು ಹೊರಬಂತು. ಆದರೆ ಅಷ್ಟರಲ್ಲಿ ನಿಂತಿದ್ದ ಹೃದಯ ಎಷ್ಟು ಒತ್ತಿದರೂ ಮತ್ತೆ ಬಡಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಭಾವ ಬಿಸಿನೀರಿನ ಚೀಲವನ್ನು ಇನ್ನೂ ಕಂಕುಳಲ್ಲಿ ಅವುಚಿಕೊಂಡಿದ್ದ. ಅದು ಆಗಲೇ ತಣ್ಣಗಾಗಿತ್ತು.

"ನಾಳೆ ಮಂಡಳಿ ಮುಂದೆ ಹೋಗ್ತೀಯಾ?"

"ಇಲ್ಲ, ಭಾವ."

"ಹೋಗು. ಸೂಜಿ ತಪ್ಪಿದ್ದು ಡಾಕ್ಟ್ರೇ ಬರೀತಾರೆ. ಶಾಖ ಕೊಟ್ಕೊಂಡು ಮಲ್ಕೋ ಅಂದಿದ್ದನ್ನ ನೀನೇ ಹೇಳ್ಬೇಕು."