ಮೂರೂ ಒಂದೇ ಕಡೆ

ಮುಂದಿನ ಸಾಲಿನ ಬೆಂಚನ್ನು ಕರವಸ್ತ್ರದಿಂದ ಒರೆಸಿ ಭಾವ, "ಕೂತ್ಕೋ ಮರಿ, ನೋಡೋಣ" ಎಂದ. ಮರಿ ಕೂತಳು. ಖಾಲಿ ತರಗತಿಯಲ್ಲಿ ಸುಣ್ಣದ ವಾಸನೆ ಇನ್ನೂ ಹಸಿಯಾಗಿತ್ತು. ಭಾವ ಕಿಟಕಿಯಾಚೆ ಬೆರಳು ತೋರಿಸಿದ. "ಎದುರು ಕಟ್ಟಡದಲ್ಲಿ ಹಸಿರು ಪರದೆ ಕಾಣ್ತಿದೆಯಲ್ಲ, ಅದೇ ನನ್ನ ಆಫೀಸು. ನನ್ನ ಕುರ್ಚಿಯಿಂದ ನೋಡಿದ್ರೆ ಈ ಬೆಂಚು ಅಂಗೈ ನೆಲ್ಲಿಕಾಯಿ. ನೀನು ತೂಕಡಿಸಿದ್ರೂ ಗೊತ್ತಾಗುತ್ತೆ, ಹುಷಾರು!" ಎಂದು ನಕ್ಕ. ಮರಿಯೂ ನಕ್ಕಳು. ಬಾಗಿಲ ಬಳಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ.

ಸೋಮವಾರದೊಳಗೆ ಮರಿ ಯಾವ ವಿಶ್ವವಿದ್ಯಾಲಯ ಎಂದು ಹೇಳಬೇಕಿತ್ತು. ಸೀಟು ಎರಡು ಕಡೆ ಸಿಕ್ಕಿತ್ತು. ಒಂದು ಇಡೀ ರಾತ್ರಿ ರೈಲಿನ ದೂರದಲ್ಲಿ, ಕಡಲ ದಂಡೆಯ ಮೇಲೆ. ಕಡಲನ್ನೇ ಓದಬೇಕೆಂದು ಹಟ ಹಿಡಿದ ಹುಡುಗಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದರೆ ಅಲ್ಲಿ ಹಾಸ್ಟೆಲು, ಗುರುತು ಪರಿಚಯದ ಒಂದು ನರಪಿಳ್ಳೆಯೂ ಇಲ್ಲ. ಇನ್ನೊಂದು ಇದು, ಅಕ್ಕನ ಊರಿನದು, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮನೆ. ಭಾವ ಇಲ್ಲಿಯ ಆಡಳಿತ ಕಚೇರಿಯಲ್ಲಿ ಮೇಲಧಿಕಾರಿ. "ಓದು ಚೆನ್ನಾಗಿರಬೇಕು, ಜೊತೆಗೆ ಜನ ಇರಬೇಕು, ಊರು ಕೈಗೆಟುಕೋ ಹಾಗಿರಬೇಕು. ಮೂರೂ ಒಂದೇ ಕಡೆ ಸಿಕ್ಕಿರುವಾಗ ಇನ್ನೇನೇ ನಿನ್ನ ಗೋಳು?" ಎಂದು ಅಮ್ಮ ಎರಡು ದಿನದ ಮಟ್ಟಿಗೆ ನೋಡಿಕೊಂಡು ಬರಲು ಕಳಿಸಿದ್ದಳು. ಅಮ್ಮನಿಗೆ ಅಳಿಯನೆಂದರೆ ಪಂಚಪ್ರಾಣ. ಮಗಳಿಗೆ ಯಾವಾಗ ಫೋನು ಮಾಡಿದರೂ ಒಂದೇ ರಿಂಗಿಗೆ ಎತ್ತುತ್ತಿದ್ದವನು ಅವನೇ.

ಕ್ಯಾಂಟೀನಿನಲ್ಲಿ ಹುಡುಗ ಹುಡುಗಿಯರು ಮೇಜು ಬಡಿದುಕೊಂಡು ಹಾಡುತ್ತಿದ್ದರು. ಒಬ್ಬಳು ಮರಿಯನ್ನು ಕಂಡು ನಕ್ಕು, "ಹೊಸಬಳಾ? ಬಾ ಬಾ" ಎಂದು ಸರಿದು ಜಾಗ ಮಾಡಿದಳು. ಮರಿಗೆ ಖುಷಿಯಾಯಿತು. ಇಲ್ಲೂ ಬದುಕಬಹುದು ಎನ್ನಿಸಿತು. ಅಷ್ಟರಲ್ಲಿ ಹಿಂದೆ ಭಾವ ಬಂದ. ಹಾಡು ನಿಂತೇ ಹೋಯಿತು. ಆ ಹುಡುಗಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

"ಒಳ್ಳೇ ಮಕ್ಕಳು," ಎಂದ ಭಾವ, ಕುರ್ಚಿ ಎಳೆದುಕೊಳ್ಳುತ್ತ. "ಯಾರು ಯಾರ ಜೊತೆ ಓಡಾಡ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ, ಎಲ್ಲಾ ನನಗೆ ಗೊತ್ತಿರುತ್ತೆ. ನೀನು ಒಂದು ಚೂರೂ ಯೋಚನೆ ಮಾಡ್ಬೇಡ. ನಾನು ನೋಡ್ಕೋತೀನಿ."

"ಅಕ್ಕಾ, ನೀನೇನು ತಗೋತೀಯಾ?" ಎಂದಳು ಮರಿ, ಅವನ ಹಿಂದೆಯೇ ಬಂದು ಕೂತ ಅಕ್ಕನ ಕಡೆ ತಿರುಗಿ.

"ಅವಳಿಗೇನೂ ಬೇಡ," ಎಂದ ಭಾವ.

ಈ ಅಕ್ಕ ಮದುವೆಗೆ ಮುಂಚೆ ಇಡೀ ಮನೆಗೆ ರೇಡಿಯೋ. ಹಲ್ಲುಜ್ಜುವಾಗಲೂ ಮಾತು ನಿಲ್ಲಿಸದವಳು. 'ಇದನ್ನ ಆರಿಸೋ ಗುಂಡಿ ಎಲ್ಲಿದೆಯೋ ಆ ದೇವರಿಗೇ ಗೊತ್ತು' ಎಂದು ಅಪ್ಪ ಇದ್ದಾಗ ಗೋಳು ಹುಯ್ದುಕೊಳ್ಳುತ್ತಿದ್ದರು. ಭಾವನಿಗೆ ಆ ಗುಂಡಿ ಸಿಕ್ಕಿರಬೇಕು. ಬೆಳಗಿನಿಂದ ಅಕ್ಕ ಆಡಿದ್ದೆಲ್ಲ 'ಹೂಂ', 'ಬಾ', 'ನಿಧಾನ'.

ಮನೆಯೇನೋ ಕನ್ನಡಿಯ ಹಾಗಿತ್ತು. ಮರಿಗೆಂದು ಒಂದು ಕೋಣೆ ಆಗಲೇ ಸಿದ್ಧವಾಗಿತ್ತು: ಹೊಸ ಹಾಸಿಗೆ, ಓದುವ ಮೇಜು, ದೀಪ. ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಂಡ ಮರಿ ಚಿಲಕಕ್ಕೆ ಕೈ ಚಾಚಿದಳು. ಚಿಲಕ ಇರಲಿಲ್ಲ. ಅದು ಇದ್ದ ಕಡೆ ಮೊಳೆಯ ತೂತುಗಳಿಗೆ ಮೇಣ ಮೆತ್ತಿ ಬಣ್ಣ ಬಳಿದಿದ್ದರು. ಬಚ್ಚಲಮನೆಗೆ ಹೋದರೆ ಅಲ್ಲೂ ಅದೇ ಕತೆ. ಹೊರಗೆ ಬಂದು ಕೇಳಿದಾಗ ಭಾವ ಪತ್ರಿಕೆಯಿಂದ ತಲೆಯೆತ್ತಿ, "ಅಯ್ಯೋ, ಎಲ್ಲಾ ಸಡಿಲ ಆಗಿತ್ತು ಮರಿ, ತೆಗೆಸಿಬಿಟ್ಟೆ. ಮನೆಯವರ ಮಧ್ಯೆ ಚಿಲಕ ಯಾಕೆ?" ಎಂದ. ಹೌದಲ್ಲ ಎನ್ನುವ ಹಾಗೆ ಮರಿ ತಲೆಯಾಡಿಸಿದಳು.

ಸಂಜೆ ಅವನು ಕಾರು ತೊಳೆಯಲು ಕೆಳಗಿಳಿದ. ಅಕ್ಕ ಟವೆಲು ಕೊಡುವ ನೆಪದಲ್ಲಿ ಹತ್ತಿರ ಬಂದು, "ಸ್ನಾನ ಮಾಡುವಾಗ ಜೋರಾಗಿ ಹಾಡ್ತಾ ಇರು. ಒಳಗೆ ಇದ್ದೀಯ ಅಂತ ಗೊತ್ತಾಗ್ಲಿ. ನಾನು ಬಾಗಿಲ ಮುಂದೆ ನಿಂತಿರ್ತೀನಿ" ಎಂದಳು.

"ಅಕ್ಕಾ, ನಿನ್ನ ಫೋನೆಲ್ಲಿ?"

"ಅವರ ಜೇಬಲ್ಲಿರುತ್ತೆ."

"ಹೊಡೀತಾರಾ?"

"ಯಾಕೆ ಹೊಡೀತಾರೆ," ಎಂದಳು ಅಕ್ಕ. "ಹೊಡೆಯೋ ಹಾಗೆ ನಾನೇನೂ ಮಾಡಲ್ಲವಲ್ಲ."

ಮರಿ ಕಡಲಿನ ಆಸೆಯನ್ನು ಅಲ್ಲೇ, ಬಚ್ಚಲಿನ ಆ ಒದ್ದೆ ನೆಲದ ಮೇಲೆ ಬಿಟ್ಟುಬಿಟ್ಟಳು. ಅಕ್ಕನ ಎರಡೂ ಕೈ ಹಿಡಿದು, "ನಾನು ಇಲ್ಲಿಗೇ ಬರ್ತೀನಿ ಕಣೇ. ನಿನ್ನ ಜೊತೆಗಿರ್ತೀನಿ. ಇಬ್ಬರಿದ್ರೆ ಏನು ಮಾಡಕ್ಕಾಗುತ್ತೆ?" ಎಂದಳು. ಅಕ್ಕನ ಮುಖ ಒಮ್ಮೆಲೇ ಅರಳಿತು. ಹಳೆಯ ರೇಡಿಯೋ ಈಗ ಮಾತಾಡಿಬಿಡುತ್ತದೆ ಎನ್ನಿಸಿತು. ಅಷ್ಟರಲ್ಲಿ ಕೆಳಗೆ ನಲ್ಲಿ ನಿಂತ ಸದ್ದಾಯಿತು. ಅಕ್ಕ ಕೈ ಬಿಡಿಸಿಕೊಂಡಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಾಗ ಮರಿ ತನ್ನ ತೀರ್ಮಾನ ಹೇಳಿದಳು. ಭಾವನ ಸಂಭ್ರಮ ಹೇಳತೀರದು. "ದೂರದ ಬೆಟ್ಟ ನುಣ್ಣಗೆ ಅಂತ ನಾನು ಹೇಳ್ತಾನೇ ಇದ್ದೆ!" ಎಂದು ಆಗಿಂದಾಗಲೇ ಅಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಮೇಜಿನ ಮಧ್ಯೆ ಇಟ್ಟ. "ಅತ್ತೆ, ಸಿಹಿ ಸುದ್ದಿ. ಮರಿ ಒಪ್ಪಿದ್ಲು."

"ಅಬ್ಬಾ, ನನ್ನ ಹೊಟ್ಟೆಗೆ ಹಾಲು ಹೊಯ್ದೆ ಕಣಪ್ಪಾ!"

"ನನಗೆ ಬೇಡ," ಎಂದಳು ಅಕ್ಕ.

ಭಾವನ ಲೋಟ ತುಟಿಯ ಹತ್ತಿರವೇ ನಿಂತಿತು. "ಏನಂದೆ?" ಎಂದಳು ಅಮ್ಮ ಆ ಕಡೆಯಿಂದ.

"ಇವಳು ನನ್ನ ಮನೆಗೆ ಬರೋದು ನನಗೆ ಬೇಡ ಅಂದೆ. ಚಿಕ್ಕಂದಿನಿಂದ ಇವಳ ಚಾಕರಿ ಮಾಡಿದ್ದು ಸಾಕಾಗಿದೆ. ಇಲ್ಲೂ ಬಂದು ನನ್ನ ತಲೆ ಮೇಲೆ ಕೂರೋದು ಬೇಡ. ದೂರ ಕಳಿಸು. ಎಷ್ಟು ದೂರ ಆಗುತ್ತೋ ಅಷ್ಟು ದೂರ ಕಳಿಸು."

ಮರಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಕಣ್ಣಲ್ಲಿ ನೀರು ತುಂಬಿ ಎದ್ದು ಹೋಗಬೇಕೆನ್ನುವಾಗ, ಮೇಜಿನ ಕೆಳಗೆ ಅಕ್ಕನ ಪಾದ ಅವಳ ಪಾದದ ಮೇಲೆ ಬಂತು. ಬಂದದ್ದು ಗಟ್ಟಿಯಾಗಿ ಒತ್ತಿ ಹಿಡಿಯಿತು. ಅಕ್ಕ ಮಾತ್ರ ಫೋನನ್ನೇ ನೋಡುತ್ತಿದ್ದಳು. ಮರಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದನ್ನು ಮುಖದ ಮೇಲೆ ತರಬಾರದೆಂಬುದೂ ಅರ್ಥವಾಯಿತು.

"ಒಡಹುಟ್ಟಿದವಳು ಅನ್ನೋ ಕರುಳು ಬೇಡ್ವೇನೇ ನಿನಗೆ!" ಅಮ್ಮನ ದನಿ ನಡುಗುತ್ತಿತ್ತು. "ಆಯ್ತು, ನನ್ನ ಮಗಳು ನಿನ್ನ ಹೊಸ್ತಿಲು ತುಳಿಯಲ್ಲ. ಕಡಲಿಗೇ ಕಳಿಸ್ತೀನಿ. ನೀನೂ ಇನ್ನು ನನ್ನ ಬಾಗಿಲಿಗೆ ಬರ್ಬೇಡ!"

"ಬಿಡಿ ಅತ್ತೆ, ಸಮಾಧಾನ ಮಾಡ್ಕೊಳ್ಳಿ," ಎಂದ ಭಾವ. ಸಿಟ್ಟಿನ ಒಂದೆಳೆಯೂ ಇಲ್ಲದ ದನಿ. "ಏನೋ ಬಾಯಿ ತಪ್ಪಿ ಅಂದ್ಲು. ನೀವು ಮನಸ್ಸಿಗೆ ಹಚ್ಕೋಬೇಡಿ. ಅವಳನ್ನ ನಾನು ನೋಡ್ಕೋತೀನಿ."

ಫೋನಿನ ಮೇಲೆ ಬಿದ್ದಿದ್ದ ಚಹಾದ ಹನಿಯನ್ನು ಒರೆಸಿ ಅವನು ಅದನ್ನು ಜೇಬಿಗಿಳಿಸಿದ. ಆಮೇಲೆ ಅಕ್ಕನ ಖಾಲಿ ಲೋಟವನ್ನೂ ತಾನೇ ಎತ್ತಿಟ್ಟ.

ಬಸ್ ನಿಲ್ದಾಣಕ್ಕೆ ಮೂವರೂ ಹೋದರು. ಅಮ್ಮನಿಗೆ ಏನೆಂದು ಹೇಳುವುದು ಎಂದು ಮರಿ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಳು. ಭಾವ ಹೊಡೆದನೆಂದೇ? ಹೊಡೆದಿಲ್ಲ. ಬೈದನೆಂದೇ? ಅದೂ ಇಲ್ಲ. ಚಿಲಕ ಇಲ್ಲವೆಂದರೆ ಅಮ್ಮ ನಕ್ಕಾಳು. ಕೊನೆಗೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, "ಭಾವ, ಅಕ್ಕನೂ ನನ್ನ ಜೊತೆ ಬರ್ಲಿ. ನಾಲ್ಕು ದಿನ ಇದ್ದು ಬರ್ತಾಳೆ" ಎಂದಳು.

"ಕಳಿಸಬಹುದಿತ್ತು," ಎಂದ ಭಾವ, ತುಂಬ ಬೇಸರದಿಂದ. "ಬರ್ಬೇಡ ಅಂತ ಅಮ್ಮನೇ ಅಂದ್ಬಿಟ್ರಲ್ಲ ಮರಿ. ನೀನೇ ಕೇಳಿದೆಯಲ್ಲ."

ಮರಿ ಅಕ್ಕನ ಮುಖ ನೋಡಿದಳು. ಇದನ್ನು ಅಕ್ಕ ಲೆಕ್ಕ ಹಾಕಿದ್ದಳೋ ಇಲ್ಲವೋ, ಮುಖದಲ್ಲಿ ಗೊತ್ತಾಗಲಿಲ್ಲ.

ಬಸ್ಸು ಹೊರಟಿತು. ಮರಿ ಕಿಟಕಿಯಿಂದ ಕತ್ತು ಹೊರಗೆ ಚಾಚಿದಳು. ಜನರ ನಡುವೆ ಅಕ್ಕನ ಕೈ ಮೇಲೆದ್ದು ಅತ್ತಿತ್ತ ಆಡುತ್ತಿತ್ತು. ಭಾವ ಅವಳ ಮಣಿಕಟ್ಟು ಹಿಡಿದುಕೊಂಡು, ಎಳೆಗೂಸಿನ ಕೈಯಲ್ಲಿ ಟಾಟಾ ಮಾಡಿಸುವ ಹಾಗೆ, ತಾನೇ ಬೀಸುತ್ತಿದ್ದ.